ಶೆಡ್ಡಿನ ತಾಯಂದಿರು, ಮಕ್ಕಳಿಗೆ ನೆರವಾಗಬೇಕಾ? ಕ್ಯಾಂಪ್ ಬಿಡಿ, ನೋಟ್‌ಬುಕ್ ಹಿಡಿಯಿರಿ

ಬೆಂಗಳೂರಿನಲ್ಲಿ ಯಾವುದಾದರೂ ಅಪಾರ್ಟ್‌ಮೆಂಟಿನವರಿಗೋ ಆಫೀಸಿನವರಿಗೋ ಸಮಾಜಸೇವೆ ಮಾಡಬೇಕು ಅನ್ನಿಸಿದರೆ ಮೊದಲು ಪ್ರಿಂಟ್ ಆಗೋದು ಬ್ಯಾನರ್. ಭಾನುವಾರ ಒಂದು ಉಚಿತ ಆರೋಗ್ಯ ಶಿಬಿರ, ಒಂದಿಷ್ಟು ಟಾನಿಕ್ ಬಾಟಲಿ, ಮಕ್ಕಳಿಗೆ ಬಿಸ್ಕೆಟ್, ಆಮೇಲೆ ಗ್ರೂಪ್ ಫೋಟೋ. ಸಾಲಿನಲ್ಲಿ ನಿಂತಿದ್ದ, ಕಟ್ಟಡ ಕೆಲಸದವರ ಶೆಡ್ಡಿನ ಹೆಂಗಸರಲ್ಲಿ ಯಾರಿಗೆ ರಕ್ತ ಕಮ್ಮಿ ಇತ್ತು, ಯಾರು ಐದು ತಿಂಗಳ ಬಸುರಿ ಅಂತ ಸೋಮವಾರ ಕೇಳಿದರೆ ಒಬ್ಬರಿಗೂ ಗೊತ್ತಿರೋದಿಲ್ಲ. ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಲ್ಕೈದು ಜನ, ವಾರಕ್ಕೆ ಎರಡು ಮೂರು ಗಂಟೆ, ಒಂದು ನೋಟ್‌ಬುಕ್ ಇದ್ದರೆ ಇದಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ಏನೇನು ಇದೆ ಅಂತ ನೋಡಿ

ನೀವು ಹೊಸದಾಗಿ ಏನೂ ತೆರೆಯಬೇಕಾಗಿಲ್ಲ. ಅಂಗನವಾಡಿ 1975ರಿಂದ ಇದೆ. ಆರು ವರ್ಷದೊಳಗಿನ ಮಕ್ಕಳಿಗೆ, ಬಸುರಿ, ಬಾಣಂತಿಯರಿಗೆ ಅಲ್ಲಿ ಪೌಷ್ಟಿಕ ಆಹಾರ ಸಿಗಬೇಕು, ಮಕ್ಕಳ ತೂಕ ನೋಡಬೇಕು. ಆಶಾ ಕಾರ್ಯಕರ್ತೆ ಇದ್ದಾರೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಈಚೆಗೆ ಸರ್ಕಾರದ ‘ನಮ್ಮ ಕ್ಲಿನಿಕ್’ಗಳೂ ಬಂದಿವೆ. ಲಸಿಕೆ ಉಚಿತ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ, ಹಾಲು ಎರಡೂ ಕೊಡುತ್ತಾರೆ.

ಹಾಗಾದರೆ ಇದೆಲ್ಲ ಆ ನೀಲಿ ಟಾರ್ಪಾಲಿನ ಶೆಡ್‌ಗಳಿಗೆ ಯಾಕೆ ತಲುಪುತ್ತಿಲ್ಲ? ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವರು ಒಂದು ಬಿಲ್ಡಿಂಗ್ ಮುಗಿದ ಕೂಡಲೇ ಇನ್ನೊಂದು ಕಡೆ ಹೋಗುತ್ತಾರೆ. ಆಶಾ ಸರ್ವೆ ಮಾಡಿದಾಗ ಅವರು ಇಲ್ಲಿರಲಿಲ್ಲ, ಹಾಗಾಗಿ ಲಿಸ್ಟಿನಲ್ಲಿ ಹೆಸರಿಲ್ಲ. ತಾಯಿ ಕಾರ್ಡು, ಅಂದರೆ ಬಸುರಿಯ ತಪಾಸಣೆ ಬರೆದಿಡುವ ಕಾರ್ಡು, ಊರಲ್ಲಿ ಅತ್ತೆ ಹತ್ತಿರ ಇದೆ. ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ತಾಯಿ ಸೈಟಿನಲ್ಲಿ ಮಂಕರಿ ಹೊರುತ್ತಿರುತ್ತಾಳೆ. ಈ ಗ್ಯಾಪ್ ತುಂಬೋದೇ ನಿಮ್ಮ ಕೆಲಸ. ಪಕ್ಕದಲ್ಲೇ ಇನ್ನೊಂದು ಅಂಗನವಾಡಿ ಕಟ್ಟೋದಲ್ಲ.

ಆದ್ದರಿಂದ ಶೆಡ್‌ಗೆ ಹೋಗುವ ಮೊದಲು ಅಂಗನವಾಡಿ ಟೀಚರನ್ನು ಭೇಟಿ ಮಾಡಿ. ಇನ್‌ಸ್ಪೆಕ್ಷನ್‌ಗೆ ಬಂದವರ ಥರ ಗೋಡೆ ಮೇಲಿನ ಚಾರ್ಟು ನೋಡುತ್ತಾ, "ಇವತ್ತು ಎಷ್ಟು ಮಕ್ಕಳು ಬಂದಿದ್ದಾರೆ?" ಅಂತ ಶುರು ಮಾಡಬೇಡಿ. ಅವರ ತಲೆ ಮೇಲೆ ಆಗಲೇ ರಿಜಿಸ್ಟರು, ಮೊಬೈಲ್ ಆ್ಯಪು, ಎಲೆಕ್ಷನ್ ಡ್ಯೂಟಿ ಎಲ್ಲ ಇರುತ್ತದೆ. "ಮೇಡಂ, ಆ ಶೆಡ್‌ಗಳಲ್ಲಿ ಸಣ್ಣ ಮಕ್ಕಳು ಇದ್ದಾರೆ, ನಿಮ್ಮ ಲಿಸ್ಟಲ್ಲಿ ಇಲ್ಲ ಅನ್ಸುತ್ತೆ, ನಾವು ಹೆಸರು ವಯಸ್ಸು ಬರ್ಕೊಂಡು ಬಂದು ಕೊಡ್ಲಾ?" ಅಂತ ಕೇಳಿ ನೋಡಿ. ಆಶಾ ಅವರಿಗೂ ಇದೇ ಮಾತು. ಬಹಳಷ್ಟು ಕಡೆ ಅವರೇ ನಿಮ್ಮನ್ನು ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತಾರೆ.

ಶೆಡ್‌ಗೆ ಹೋಗೋದು

ಮೇಸ್ತ್ರಿಗೆ ಒಂದು ಮಾತು ಹೇಳಿಯೇ ಹೋಗಿ, ಇಲ್ಲದಿದ್ದರೆ ಮಾರನೇ ವಾರ ಗೇಟಿನಲ್ಲೇ ತಡೆಯುತ್ತಾರೆ. ಹೋಗುವವರಲ್ಲಿ ಹೆಂಗಸರು ಜಾಸ್ತಿ ಇರಲಿ. ಹೊತ್ತು ಅಂದರೆ ಸಂಜೆ ಏಳರ ಮೇಲೆ, ಒಲೆ ಮುಂದೆ ರೊಟ್ಟಿ ಬಡಿಯುವಾಗ ಹೋದರೂ ನಡೆಯುತ್ತದೆ, ಮಾತಾಡುತ್ತಲೇ ಕೆಲಸ ಮಾಡುತ್ತಾರೆ. ನೀರಿನ ಟ್ಯಾಂಕರ್ ಬಂದಾಗ ಮಾತ್ರ ಹೋಗಬೇಡಿ, ನಿಮ್ಮ ಕಡೆ ಯಾರೂ ತಿರುಗಿಯೂ ನೋಡೋದಿಲ್ಲ. ಬಟವಾಡೆ ದಿನವೂ ಬೇಡ, ಅವತ್ತು ಸಂತೆ.

ಮೊದಲ ಕೆಲವು ಸಲ ಬರಿಗೈಯಲ್ಲಿ ಹೋಗಿ. ಇದು ಹೊಸಬರಿಗೆ ಕಷ್ಟ, ಏನೂ ಕೊಡದೆ ನಿಲ್ಲೋಕೆ ಸಂಕೋಚ ಆಗುತ್ತದೆ. ಆದರೆ ಒಮ್ಮೆ ಬಿಸ್ಕೆಟ್ ಕೊಟ್ಟರೆ ನೀವು ಬಿಸ್ಕೆಟಿನವರೇ ಆಗಿಬಿಡುತ್ತೀರಿ, ಆಮೇಲೆ ಮಾತಿಗೆ ಯಾರೂ ಕೂರೋದಿಲ್ಲ. ಒಂದು ಶೆಡ್‌ನಲ್ಲಿ ವಯಸ್ಸಾದ ಹೆಂಗಸು ನಮ್ಮನ್ನು ನೋಡಿದವರೇ, "ಹೋದ ವರ್ಸಾನೂ ಹಿಂಗ ಯಾರೋ ಬಂದು ಫೋಟೋ ಹೊಡ್ಕೊಂಡ್ ಹೋದ್ರು, ಮತ್ತ ಈ ಕಡಿ ಹಾಯಲಿಲ್ಲ ನೋಡ್ರಿ" ಅಂದರು. "ಫೋಟೋ ಬ್ಯಾಡ್ರಿ ಅವ್ವಾ, ಮುಂದಿನ ವಾರ ಇದೇ ಹೊತ್ತಿಗೆ ಬರ್ತೀವಿ" ಅಂದೆವು. ಬಂದೆವು. ಅಲ್ಲಿಂದ ಮುಂದಿನದೆಲ್ಲ ಸಲೀಸಾಯಿತು.

ನೋಟ್‌ಬುಕ್‌ನಲ್ಲಿ ಮನೆಗೊಂದು ಪುಟ. ಹೆಸರು, ಊರು, ತಾಲ್ಲೂಕು, ಮೊಬೈಲ್ ನಂಬರು. ಬಸುರಿ ಇದ್ದರೆ ಕೊನೇ ಸಲ ಮುಟ್ಟಾದ ದಿನ, ತಾಯಿ ಕಾರ್ಡ್ ಇದೆಯಾ ಇಲ್ಲವಾ. ಮಕ್ಕಳ ವಯಸ್ಸು, ಯಾವ ಲಸಿಕೆ ಆಗಿದೆ, ಶಾಲೆಗೆ ಹೋಗುತ್ತಿದ್ದಾರಾ. ಬರೆದುಕೊಳ್ಳಲಾ ಅಂತ ಕೇಳಿಯೇ ಬರೆಯಿರಿ. ಹುಟ್ಟಿದ ತಾರೀಕು ಕೇಳಿದರೆ ಸುಮ್ನೆ ನಗುತ್ತಾರೆ; ಯುಗಾದಿ ಮುಂಚೆಯಾ ಆಮೇಲಾ, ಊರ ಜಾತ್ರೆ ಆಗಿತ್ತಾ, ತೊಗರಿ ಕೊಯ್ಲಿಗೆ ಹೋದಾಗ ಹೊಟ್ಟೆಯಲ್ಲಿತ್ತಾ ಅಂತ ಕೇಳಿದರೆ ತಿಂಗಳು ಸಿಗುತ್ತದೆ. ಆಧಾರ್ ಕಾರ್ಡಿನ ಫೋಟೋ ಹೊಡೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಚಟ ಇದ್ದವರನ್ನು ಟೀಮಿನಿಂದ ದೂರ ಇಡಿ.

ಬಸುರಿಯರ ವಿಷಯ

ತಾಯಿ ಕಾರ್ಡ್ ಊರಲ್ಲಿ ಮಾಡಿಸಿದ್ದರೆ ಅದನ್ನೇ ಇಲ್ಲಿನ ಆರೋಗ್ಯ ಕೇಂದ್ರಕ್ಕೆ ತಗೊಂಡು ಹೋಗಬಹುದು. ಕಾರ್ಡು ಅತ್ತೆ ಹತ್ತಿರ ಇದ್ದರೆ ಫೋಟೋ ತರಿಸಿಕೊಳ್ಳಿ. ಇಲ್ಲವೇ ಇಲ್ಲ ಅಂದರೆ ಇಲ್ಲೇ ಮಾಡಿಸಿ, ದುಡ್ಡು ಕೊಡಬೇಕಾಗಿಲ್ಲ. ಮೊದಲ ಮೂರು ತಿಂಗಳೊಳಗೆ ಹೆಸರು ಬರೆಸೋದು, ಕಡಿಮೆ ಅಂದರೂ ನಾಲ್ಕು ಸಲ ತಪಾಸಣೆ, ಇಷ್ಟು ಆಗಲೇಬೇಕು.

ಕಾರ್ಡ್ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಹಿಮೋಗ್ಲೋಬಿನ್. ಬಸುರಿಯರಲ್ಲಿ 11 ಗ್ರಾಂಗಿಂತ ಕೆಳಗಿದ್ದರೆ ರಕ್ತ ಕಮ್ಮಿ ಅಂತಲೇ ಲೆಕ್ಕ, 7ಕ್ಕಿಂತ ಕೆಳಗೆ ಇಳಿದಿದ್ದರೆ ಅದೇ ದಿನ ಆಸ್ಪತ್ರೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ರಕ್ತ ಕಮ್ಮಿ, ಹಾಗಾಗಿ ನಿಮ್ಮ ನೋಟ್‌ಬುಕ್‌ನಲ್ಲಿ ಇಂಥವರು ಇದ್ದೇ ಇರುತ್ತಾರೆ.

ಕಬ್ಬಿಣದ ಮಾತ್ರೆ ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ ಮೇಲೆ ಮತ್ತೆ 180 ದಿನ. ಕೊಡೋದೇನೋ ಕೊಡುತ್ತಾರೆ. "ಮಾತ್ರೆ ತಗೋತಿದ್ದೀರಾ?" ಅಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಹಾಗೆ ಕೇಳಬೇಡಿ. "ಎಷ್ಟು ಉಳ್ದಾವ, ತೋರಸ್ರಿ ಅಕ್ಕಾ" ಅನ್ನಿ. ಟ್ರಂಕಿನ ತಳದಿಂದ, ಸೀರೆ ಮಡಿಕೆ ಕೆಳಗಿಂದ ಸ್ಟ್ರಿಪ್ಪು ಸ್ಟ್ರಿಪ್ಪೇ ಹೊರಗೆ ಬರುತ್ತವೆ, ಒಂದೆರಡು ಮಾತ್ರೆ ಮಾತ್ರ ಒಡೆದಿರುತ್ತದೆ. ಯಾಕೆ ಅಂತ ನಿಧಾನವಾಗಿ ಕೇಳಿ. ವಾಕರಿಕೆ ಬರುತ್ತದೆ, ಕಕ್ಕಸು ಕರ್ರಗಾಯಿತು ಅಂತ ಹೆದರಿಕೆ, ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತದೆ ಅಂತ ಅತ್ತೆ ಹೇಳಿದ್ದಾರೆ. ಕಕ್ಕಸು ಕಪ್ಪಾಗೋದು ಮಾತ್ರೆಯಿಂದಲೇ, ತೊಂದರೆ ಇಲ್ಲ ಅಂತ ಹೇಳಿ. ವಾಕರಿಕೆ ಇದ್ದವರು ರಾತ್ರಿ ಊಟ ಆದ ಮೇಲೆ ತಗೊಳ್ಳಲಿ. ಟೀ ಜೊತೆ ಬೇಡ, ಕ್ಯಾಲ್ಸಿಯಂ ಮಾತ್ರೆ ಜೊತೆಯೂ ಬೇಡ, ಎರಡೂ ಕಬ್ಬಿಣ ಮೈಗೆ ಹತ್ತದಂತೆ ಮಾಡುತ್ತವೆ. ಒಂದು ಹೋಳು ನಿಂಬೆಹಣ್ಣು ಹಿಂಡಿದ ನೀರು ಕುಡಿದರೆ ಒಳ್ಳೆಯದು. ಅತ್ತೆ ಅಲ್ಲೇ ಇದ್ದರೆ ಸೊಸೆಯನ್ನು ಬಿಟ್ಟು ಅತ್ತೆಗೇ ಹೇಳಿ, ಅದು ಬೇಗ ಕೆಲಸ ಮಾಡುತ್ತದೆ.

ರಕ್ತ ಹೋಗುವುದು, ಮುಖ ಕೈ ಊದುವುದು, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಮಗು ಅಲುಗಾಡದಿರುವುದು, ನೀರು ಒಡೆಯುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು, 108ಕ್ಕೆ ಫೋನ್. ಈ ಮಾತು ಗಂಡನಿಗೂ ಪಕ್ಕದ ಶೆಡ್ಡಿನವರಿಗೂ ಗೊತ್ತಿರಲಿ.

ಮೊದಲ ಸಲ ಆಸ್ಪತ್ರೆಗೆ ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ. ಚೀಟಿ ಮಾಡಿಸೋದು ಒಂದು ಕಡೆ, ಪರೀಕ್ಷೆಗೆ ರಕ್ತ ಕೊಡೋದು ಇನ್ನೊಂದು ಕಡೆ, ಸ್ಕ್ಯಾನಿಂಗಿಗೆ ಬೇರೆ ದಿನ. ವಾಣಿವಿಲಾಸದಂಥ ದೊಡ್ಡ ಆಸ್ಪತ್ರೆಯಲ್ಲಿ ಓದೋಕೆ ಬಾರದವರು ಅರ್ಧ ದಿನ ತಪ್ಪು ಕ್ಯೂನಲ್ಲೇ ನಿಂತಿರುತ್ತಾರೆ, ಅವತ್ತಿನ ಕೂಲಿಯೂ ಹೋಯಿತು. ಎರಡನೇ ಸಲ ಈಗಾಗಲೇ ಹೋಗಿ ಬಂದ ಹೆಂಗಸೊಬ್ಬರನ್ನು ಜೊತೆ ಮಾಡಿ ಕಳಿಸಿ. ಎಲ್ಲ ಸಲವೂ ನೀವೇ ಹೋದರೆ ನಿಮಗೂ ಸುಸ್ತು, ಅವರಿಗೂ ದಾರಿ ಗೊತ್ತಾಗೋದಿಲ್ಲ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇದ್ದರೆ ಬಿಎಂಟಿಸಿಯ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಮೊದಲ ಹೆರಿಗೆ ಆದರೆ ಮಾತೃ ವಂದನಾ ಯೋಜನೆಯ 5,000 ರೂಪಾಯಿಗೆ ಅಂಗನವಾಡಿಯಲ್ಲೇ ಅರ್ಜಿ ಹಾಕಿಸಿ. ಬ್ಯಾಂಕ್ ಖಾತೆಗೆ ಆಧಾರ್ ಲಿಂಕ್ ಆಗಿದೆಯಾ ಅಂತ ಮೊದಲೇ ನೋಡಿ.

ಸಣ್ಣ ಮಕ್ಕಳು

ತೂಕದ ಮಷಿನ್ ಇಲ್ಲದಿದ್ದರೂ ತೋಳಿನ ಸುತ್ತಳತೆ ನೋಡುವ ಬಣ್ಣದ ಟೇಪ್ ಒಂದು ಇದ್ದರೆ ಸಾಕು. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಇದು. ಎಡಗೈ ಮೊಣಕೈ ಮಡಚಿಸಿ, ಭುಜದ ತುದಿಗೂ ಮೊಣಕೈ ತುದಿಗೂ ಸರಿಯಾಗಿ ಮಧ್ಯದಲ್ಲಿ ಪೆನ್ನಿನಿಂದ ಗುರುತು ಹಾಕಿ. ಆಮೇಲೆ ಕೈ ಸಡಿಲ ಬಿಡಿಸಿ, ಆ ಗುರುತಿನ ಮೇಲೆ ಟೇಪ್ ಸುತ್ತಿ. ಚರ್ಮ ಮಡಿಕೆ ಆಗುವಷ್ಟು ಬಿಗಿಯಬೇಡಿ, ನಡುವೆ ಗಾಳಿ ಆಡುವಷ್ಟು ಸಡಿಲವೂ ಬೇಡ. ಮಗು ಅಳುತ್ತಾ ಕೈ ಬಿಗಿ ಹಿಡಿದಿದ್ದರೆ ಅಳತೆ ತಪ್ಪುತ್ತದೆ, ತಾಯಿ ತೊಡೆ ಮೇಲೆ ಕೂರಿಸಿಕೊಂಡು ಸಮಾಧಾನ ಆದ ಮೇಲೆ ನೋಡಿ. 12.5 ಸೆಂಟಿಮೀಟರ್ ಮತ್ತು ಮೇಲೆ ಹಸಿರು. 11.5ರಿಂದ 12.5ರ ಒಳಗೆ ಹಳದಿ, ಅಂಗನವಾಡಿಗೆ ಸೇರಿಸಿ, ಅಲ್ಲಿಂದ ಕಣ್ಣು ತೆಗೆಯಬೇಡಿ. 11.5ಕ್ಕಿಂತ ಕಮ್ಮಿ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ, ವೈದ್ಯರಿಗೆ ತೋರಿಸಲೇಬೇಕು. ಎರಡೂ ಪಾದ ಊದಿಕೊಂಡಿದ್ದರೆ ಟೇಪ್ ಏನೇ ಹೇಳಲಿ, ಅದೂ ಅಷ್ಟೇ ಗಂಭೀರ.

ಕೆಂಪು ಬಂದ ಮಗುವಿಗೆ ಜ್ವರ ಇದ್ದರೆ, ಊಟ ಬಿಟ್ಟಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರ ತಾಯಿ ಜೊತೆಗೇ ಇಟ್ಟುಕೊಳ್ಳುತ್ತಾರೆ. ತಾಯಿ ಬೇಡ ಅನ್ನುತ್ತಾಳೆ. ಅಜ್ಞಾನ ಅಂತ ಬೈಯಬೇಡಿ. ಅವಳ ಉಳಿದ ಇಬ್ಬರು ಮಕ್ಕಳನ್ನು ಯಾರು ನೋಡಬೇಕು, ಅಷ್ಟು ದಿನದ ಕೂಲಿ ಎಲ್ಲಿಂದ? ನೀವು ಕೂಡಿಸಿಟ್ಟ ದುಡ್ಡನ್ನು ಇಲ್ಲಿ ಖರ್ಚು ಮಾಡಿ, ಟಾನಿಕ್‌ಗಲ್ಲ.

ಹಾಲಿನ ಪುಡಿ ಡಬ್ಬ, ಫೀಡಿಂಗ್ ಬಾಟಲಿ ದಾನ ಕೊಡೋಕೆ ಯಾರಾದರೂ ಮುಂದೆ ಬಂದರೆ ಕೈ ಮುಗಿದು ಬೇಡ ಅನ್ನಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ, ನೀರೂ ಬೇಡ. ಟ್ಯಾಂಕರ್ ನೀರಿನಲ್ಲಿ ಕಲಸಿದ ಪುಡಿ ಹಾಲು ಭೇದಿಗೆ ದಾರಿ, ಮೇಲಾಗಿ ಶಿಶು ಹಾಲಿನ ಪುಡಿಯನ್ನು ಹೀಗೆ ಹಂಚೋದಕ್ಕೆ 1992ರ ಕಾನೂನಿನಲ್ಲೇ ನಿಷೇಧ ಇದೆ.

ಲಸಿಕೆಯಲ್ಲಿ ಜನ ಬಿಟ್ಟುಬಿಡೋದು ಒಂಬತ್ತು ತಿಂಗಳ ದಡಾರ ಇಂಜೆಕ್ಷನ್ ಮತ್ತು ಅದಾದ ಮೇಲೆ 16ರಿಂದ 24 ತಿಂಗಳೊಳಗಿನ ಎರಡನೇ ಡೋಸ್. ಬಹಳಷ್ಟು ಕಡೆ ಗುರುವಾರ ಲಸಿಕೆ ದಿನ, ಬುಧವಾರ ಸಂಜೆ ಒಂದು ಫೋನ್ ಮಾಡಿ.

ಶಾಲೆ

ಒಂಬತ್ತು ಹತ್ತು ವರ್ಷದ ಹುಡುಗಿ ಶಾಲೆಗೆ ಯಾಕೆ ಹೋಗುತ್ತಿಲ್ಲ ಅಂತ ಕೇಳಿದರೆ ಅವಳ ಸೊಂಟದ ಮೇಲೆ ಕೂತಿರುವ ತಮ್ಮನನ್ನು ತೋರಿಸುತ್ತಾರೆ. ಅಷ್ಟೇ ಕಾರಣ. ಅವಳಿಗೆ ಬ್ಯಾಗು, ಪುಸ್ತಕ, ಶೂ ಕೊಟ್ಟರೂ ಅವಳು ಹೋಗಲಾರಳು. ತಮ್ಮನಿಗೆ ಅಂಗನವಾಡಿಯಲ್ಲಿ ಜಾಗ ಮಾಡಿ, ತೀರಾ ಸಣ್ಣವನಾದರೆ ಶೆಡ್‌ನಲ್ಲೇ ಒಬ್ಬ ಹೆಂಗಸಿಗೆ ಸಂಬಳ ಕೊಟ್ಟು ಕೂಸುಗಳನ್ನು ನೋಡಿಕೊಳ್ಳುವ ಏರ್ಪಾಡು ಮಾಡಿ, ಆಗ ಇವಳು ತಾನಾಗಿ ಶಾಲೆಗೆ ಹೋಗುತ್ತಾಳೆ. ಆರೋಗ್ಯದ ಟೀಮು, ಶಿಕ್ಷಣದ ಟೀಮು ಅಂತ ಬೇರೆ ಬೇರೆ ಮಾಡಬೇಡಿ ಅನ್ನೋದು ಇದಕ್ಕೇ.

ಸೇರಿಸೋಕೆ ಹೋದಾಗ ಟಿ.ಸಿ. ಬೇಕು, ಜನನ ಪ್ರಮಾಣ ಪತ್ರ ಬೇಕು ಅನ್ನಬಹುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 6ರಿಂದ 14 ವರ್ಷದ ಮಗುವಿಗೆ ವಯಸ್ಸಿನ ದಾಖಲೆ ಇಲ್ಲ ಅಂತ ಸೀಟು ನಿರಾಕರಿಸುವ ಹಾಗಿಲ್ಲ, ಟಿ.ಸಿ. ತಡವಾಯಿತು ಅಂತಲೂ ಇಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಕಾಯ್ದೆ ಹಿಡಿದು ಜಗಳಕ್ಕೆ ನಿಲ್ಲಬೇಡಿ, ಹೆಡ್‌ಮಾಸ್ಟರ್‌ಗೂ ಕಂಪ್ಯೂಟರಿನಲ್ಲಿ ಎಂಟ್ರಿ ಮಾಡುವ ತಲೆನೋವು ಇದೆ. ಊರಿನ ಶಾಲೆಗೆ ಫೋನ್ ಮಾಡಿಸಿ ಮಗುವಿನ ಸ್ಯಾಟ್ಸ್ ನಂಬರ್ (ಶಾಲಾ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಗುರುತಿನ ನಂಬರ್) ತಂದುಕೊಟ್ಟರೆ ಅರ್ಧ ತೊಂದರೆ ಮುಗಿಯಿತು. ಇನ್ನರ್ಧ ರಸ್ತೆ ದಾಟಿಸೋದು. ಸಿಗ್ನಲ್ ಇಲ್ಲದ ಮೇನ್ ರೋಡಿನ ಆಚೆ ಶಾಲೆ ಇದ್ದರೆ ಬೆಳಗ್ಗೆ ಮಕ್ಕಳನ್ನು ಗುಂಪಾಗಿ ಕರೆದುಕೊಂಡು ಹೋಗುವ ಒಬ್ಬರು ಬೇಕೇ ಬೇಕು. ವಾಕಿಂಗ್ ಹೋಗುವ ಹಿರಿಯರು ನಿಮ್ಮ ಅಪಾರ್ಟ್‌ಮೆಂಟಿನಲ್ಲೇ ಇದ್ದಾರಲ್ವಾ, ಅವರನ್ನು ಕೇಳಿ.

ಇದರಲ್ಲಿ ರಾಜಿ ಇಲ್ಲ

ಮಕ್ಕಳ ಜೊತೆ ಯಾವ ದೊಡ್ಡವರೂ ಒಬ್ಬರೇ ಇರಬಾರದು, ಯಾವಾಗಲೂ ಇಬ್ಬರು. ಮಗುವನ್ನು ಸ್ವಂತ ಕಾರಿನಲ್ಲಿ, ಮನೆಗೆ ಕರೆದುಕೊಂಡು ಹೋಗೋದು ಇಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ. ಮೇಸ್ತ್ರಿ "ಇಲ್ಲೇ ಮಾತಾಡಿ ಮುಗಿಸೋಣ" ಅನ್ನುತ್ತಾನೆ, ಒಪ್ಪಬೇಡಿ. ಮಗುವಿನ ಹೆಸರು ಗ್ರೂಪಿನಲ್ಲಿ ಬಾಯಿಬಿಡಬೇಡಿ. 18 ತುಂಬದ ಹುಡುಗಿಗೆ ಮದುವೆ ಗೊತ್ತಾಗಿದೆ ಅಂತ ತಿಳಿದರೂ ಅದೇ 1098. ಗಂಡ ಹೊಡೆಯುತ್ತಾನೆ ಅಂತ ಹೆಂಗಸೊಬ್ಬರು ಹೇಳಿಕೊಂಡರೆ ನೀವು ಹೋಗಿ ಅವನಿಗೆ ಬುದ್ಧಿ ಹೇಳಬೇಡಿ, ನೀವು ಹೊರಟ ಮೇಲೆ ಏಟು ಬೀಳೋದು ಅವಳಿಗೆ. ಒಬ್ಬಳೇ ಇದ್ದಾಗ ಮಹಿಳಾ ಸಹಾಯವಾಣಿ 181 ನಂಬರ್ ಹೇಳಿ, ಏನು ಮಾಡಬೇಕು ಅಂತ ಅವಳೇ ನಿರ್ಧಾರ ಮಾಡಲಿ.

ದುಡ್ಡಿನ ಮಾತು ಚಿಕ್ಕದು. ನಿಮ್ಮ ಜೇಬಿನಿಂದ ಆಟೋ, ಜೆರಾಕ್ಸ್ ಖರ್ಚು ಮಾಡುವವರೆಗೆ ಟ್ರಸ್ಟ್ ಬೇಕಿಲ್ಲ. ಬೇರೆಯವರ ಹತ್ತಿರ ಎತ್ತಲು ಶುರು ಮಾಡಿದರೆ ಟ್ರಸ್ಟೋ ಸೊಸೈಟಿಯೋ ನೋಂದಾಯಿಸಿ, ಅದರ ಹೆಸರಿನಲ್ಲೇ ಖಾತೆ ತೆರೆಯಿರಿ. ಒಬ್ಬರ ಪರ್ಸನಲ್ ಫೋನ್‌ಪೇಗೆ ದುಡ್ಡು ಹಾಕಿಸಿಕೊಳ್ಳೋದು ಬೇಡ. ಅಮೆರಿಕದಲ್ಲಿರುವ ಕಸಿನ್ ಅಲ್ಲಿನ ಕಂಪನಿಯಿಂದ ಡಾಲರ್ ಕಳಿಸುತ್ತೇನೆ ಅಂದರೆ, ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ಅನುಮತಿ ಇಲ್ಲದೆ ಮುಟ್ಟಬೇಡಿ.

ಕೊನೆಗೆ ಬಿಲ್ಡಿಂಗ್ ಮುಗಿಯುತ್ತದೆ. ಒಂದು ದಿನ ಹೋದರೆ ಅರ್ಧ ಶೆಡ್ ಖಾಲಿ, ಸರ್ಜಾಪುರಕ್ಕೋ ದೇವನಹಳ್ಳಿಗೋ ಹೋದರು ಅನ್ನುತ್ತಾರೆ. ಇದು ಆಗೇ ಆಗುತ್ತದೆ, ಮೊದಲೇ ತಯಾರಾಗಿರಿ. ತಾಯಿ ಕಾರ್ಡ್, ಲಸಿಕೆ ಕಾರ್ಡ್, ಟಿ.ಸಿ.ಯ ಫೋಟೋ ಅವರದೇ ಮೊಬೈಲ್‌ನಲ್ಲಿ ಇರಲಿ, ಒರಿಜಿನಲ್ ಪ್ಲಾಸ್ಟಿಕ್ ಕವರಿನಲ್ಲಿ ಟ್ರಂಕಿನೊಳಗೆ. ಪ್ಲಾಸ್ಟರಿಂಗ್ ಶುರುವಾದ ಕೂಡಲೇ ಮುಂದೆ ಯಾವ ಸೈಟ್ ಅಂತ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಅವರು ಹೋಗಿ ಒಂದು ವಾರಕ್ಕೆ ಫೋನ್ ಮಾಡಿ, ಹೊಸ ಜಾಗದ ಅಂಗನವಾಡಿ ಎಲ್ಲಿದೆ ಅಂತ ವಿಚಾರಿಸಿ ತಿಳಿಸಿ. ನಂಬರ್ ಬದಲಾಗಿದ್ದರೆ ಮೇಸ್ತ್ರಿಯ ಹತ್ತಿರ ಇರುತ್ತದೆ.