ಡೆಲ್ಟಾದಲ್ಲಿ ದೊಡ್ಡ ಬ್ಯಾಸ್: ನನ್ನ ಸಾಮಾನು, ನನ್ನ ಪದ್ಧತಿ

ದೊಡ್ಡ ಬ್ಯಾಸ್ ಮೀನು ಬೇಕು ಅಂದರೆ ಮೊದಲು ಲೆಕ್ಕದ ಆಸೆ ಬಿಡಬೇಕು. ಬೆಳಗಿಂದ ಮಧ್ಯಾಹ್ನದೊಳಗೆ ಹತ್ತಿಪ್ಪತ್ತು ಮೀನು ಹಿಡಿಯುವ ದಾರಿ ಬೇರೆ. 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ ದಾಟಿದ ಒಂದೇ ಮೀನಿನ ಹಿಂದೆ ಬೀಳುವ ದಾರಿ ಬೇರೆ. ನಾನು ಎರಡನೆಯದನ್ನು ಹಿಡಿದೆ. ಆಮೇಲೆ ನನ್ನ ಗಾಳದ ರಾಡು, ದಾರ, ಹೋಗುವ ಹೊತ್ತು ಎಲ್ಲವೂ ಬದಲಾದವು.

ನಾನು ಮೀನು ಹಿಡಿಯುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ–ಸ್ಯಾನ್ ವಾಕೀನ್ ಡೆಲ್ಟಾದಲ್ಲಿ. ಎರಡು ನದಿಗಳು ಸೇರಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆ ಹರಿಯುವ ಜಾಗ ಇದು. ಸುಮಾರು ಸಾವಿರ ಮೈಲಿ ಕಾಲುವೆ, ಕವಲು, ಮುಳುಗಿದ ದ್ವೀಪಗಳು. ಸಿಹಿನೀರೇ ಆದರೂ ಸಮುದ್ರದ ಉಬ್ಬರ ಇಳಿತ ಇಲ್ಲಿಯವರೆಗೂ ಬರುತ್ತದೆ. ದಡದ ಉದ್ದಕ್ಕೂ ಟೂಲಿ ಎಂಬ ಎತ್ತರದ ಜೊಂಡು. ಬೇಸಿಗೆ ಕೊನೆಗೆ ಅದರ ಪಕ್ಕದಲ್ಲಿ ನಮ್ಮೂರ ಕೆರೆಗಳನ್ನು ಮುಚ್ಚುವ ಅದೇ ಅಂತರಗಂಗೆ. ದಕ್ಷಿಣ ಅಮೆರಿಕದ ಈ ಗಿಡ ನಮ್ಮಲ್ಲಿಗೂ ಬಂತು, ಇಲ್ಲಿಗೂ ಬಂತು. ದೋಣಿಯವರಿಗೆ ಇದು ದೊಡ್ಡ ಕಾಟ. ಸರ್ಕಾರ ಪ್ರತಿ ವರ್ಷ ಔಷಧಿ ಹೊಡೆಸುತ್ತದೆ. ಆದರೆ ನಾನು ಹುಡುಕುವ ಲಾರ್ಜ್‌ಮೌತ್ ಬ್ಯಾಸ್ ಮೀನಿಗೆ ಅದು ನೆರಳಿನ ಚಪ್ಪರ.

ಲಾರ್ಜ್‌ಮೌತ್ ಇಲ್ಲಿನ ಮೂಲ ಮೀನಲ್ಲ, ತಂದು ಬಿಟ್ಟದ್ದು. ಅದರಲ್ಲೂ ಫ್ಲಾರಿಡಾ ತಳಿ ಸಿಕ್ಕಾಪಟ್ಟೆ ಬೆಳೆಯುತ್ತದೆ. 1959ರಲ್ಲಿ ಅದನ್ನು ಸ್ಯಾನ್ ಡಿಯಾಗೊ ಕಡೆಯ ಅಪ್ಪರ್ ಓಟೈ ಜಲಾಶಯಕ್ಕೆ ತಂದು ಬಿಟ್ಟರು. ಆಮೇಲೆ ರಾಜ್ಯದ ಬೇರೆ ನೀರುಗಳಿಗೂ ಹರಡಿತು. ಕ್ಯಾಲಿಫೋರ್ನಿಯಾದಲ್ಲಿ 20 ಪೌಂಡ್ ದಾಟಿದ ಬ್ಯಾಸ್ ಸಿಕ್ಕಿದ್ದು ಅದರಿಂದಲೇ.

ವಿಶ್ವ ದಾಖಲೆಯ ಕಥೆ ಈ ಹವ್ಯಾಸ ಇರುವವರಿಗೆಲ್ಲ ಗೊತ್ತು. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್ಗೊಮೆರಿ ಲೇಕ್‌ನಲ್ಲಿ ಜಾರ್ಜ್ ಪೆರ್ರಿ 22 ಪೌಂಡ್ 4 ಔನ್ಸ್ ತೂಗಿದ ಮೀನು ಹಿಡಿದ. ಮನೆಯವರೆಲ್ಲ ಸೇರಿ ಅದನ್ನು ತಿಂದರು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿಟಾ ಹಿಡಿದದ್ದು ಅದಕ್ಕಿಂತ ಒಂದು ಔನ್ಸ್‌ನಷ್ಟು ಜಾಸ್ತಿ ತೂಗಿತು. ದಾಖಲೆ ಮುರಿಯಲು ಕನಿಷ್ಠ 2 ಔನ್ಸ್ ಹೆಚ್ಚಿರಬೇಕು ಎಂಬ ನಿಯಮ ಇದ್ದದ್ದರಿಂದ ಇಬ್ಬರ ಹೆಸರೂ ಜೊತೆಗೇ ಉಳಿದಿದೆ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಕುರಿಟಾ ಬಳಸಿದ ಎರೆ. ಅದು ಜೀವಂತ ಬ್ಲೂಗಿಲ್, ಸಿಹಿನೀರಿನ ಒಂದು ಸಣ್ಣ ಚಪ್ಪಟೆ ಮೀನು. ದೊಡ್ಡ ಬ್ಯಾಸ್ ಚಿಕ್ಕಪುಟ್ಟ ತುತ್ತಿಗಾಗಿ ದಿನವಿಡೀ ಓಡಾಡುವುದಿಲ್ಲ. ಬಾಯಿ ತುಂಬುವ ಒಂದು ಮೀನು ನುಂಗಿ ಸುಮ್ನೆ ಇರುತ್ತದೆ. ಡೆಲ್ಟಾದಲ್ಲಿ ಬ್ಲೂಗಿಲ್ಲೂ ಉಂಟು, ಸಿಗಡಿಯಂಥ ಕ್ರಾಫಿಶ್ಶೂ ಉಂಟು. ಹಾಗಾಗಿ ನನ್ನ ಕೃತಕ ಎರೆಗಳೆಲ್ಲ ಈ ಎರಡರ ಬಣ್ಣ, ಗಾತ್ರದವೇ.

ಸಾಮಾನಿನ ವಿಷಯಕ್ಕೆ ಬರುತ್ತೇನೆ. ಹೊಸಬರು ಮೊದಲು ಕೇಳುವುದು "ಎಷ್ಟು ಪೌಂಡ್ ಮೀನಿಗೆ ಎಷ್ಟು ಪೌಂಡ್ ಲೈನ್?" ಅಂತ. ಲೈನ್ ಅಂದರೆ ದಾರ, ಅದರ ಪೌಂಡ್ ಅಂದರೆ ತುಂಡಾಗದೆ ಅದು ತಡೆಯುವ ಭಾರ. ನಾನು ಮೀನಿನ ತೂಕವನ್ನೇ ನೋಡುವುದಿಲ್ಲ. ಮೀನು ಎಲ್ಲಿ ಅಡಗಿದೆ ಅಂತ ನೋಡುತ್ತೇನೆ. ತೆರೆದ ನೀರಿನಲ್ಲಿ 10 ಪೌಂಡ್ ಲೈನ್‌ನಲ್ಲೂ ದೊಡ್ಡ ಮೀನನ್ನು ಆಡಿಸಿ ದಣಿಸಬಹುದು. ಜೊಂಡಿನೊಳಗೆ ಅದು ಎರಡೇ ಸೆಕೆಂಡಿನಲ್ಲಿ ಕಾಂಡಕ್ಕೆ ದಾರ ಸುತ್ತಿಬಿಡುತ್ತದೆ. ಆಮೇಲೆ ನಾವು ಎಳೆಯುವುದು ಮೀನನ್ನಲ್ಲ, ಗಿಡವನ್ನು.

ಅಂತರಗಂಗೆಯ ಕೆಳಗಿನ ಮೀನಿಗೆ ನನ್ನದು ಏಳೂಮುಕ್ಕಾಲು ಅಡಿಯ ಎಕ್ಸ್‌ಟ್ರಾ ಹೆವಿ ರಾಡು, ವೇಗವಾಗಿ ಸುತ್ತುವ ಬೇಟ್‌ಕಾಸ್ಟಿಂಗ್ ರೀಲು, 65 ಪೌಂಡ್ ಬ್ರೇಡ್, ಅಂದರೆ ಹೆಣೆದ ದಾರ. ಬ್ರೇಡ್ ಎಳೆದರೆ ಹಿಗ್ಗುವುದಿಲ್ಲ, ಬಿಗಿಯಾದಾಗ ಗಿಡದ ಕಾಂಡವನ್ನು ಕೊಯ್ಯುತ್ತದೆ. ರೀಲಿನ ಬ್ರೇಕಿನಂಥ ಡ್ರ್ಯಾಗ್ ಪೂರ್ತಿ ಬಿಗಿ. ತುದಿಗೆ ಒಂದೂಕಾಲು ಔನ್ಸ್, ಸುಮಾರು 35 ಗ್ರಾಮ್ ಟಂಗ್‌ಸ್ಟನ್ ಗುಂಡು. ಸೀಸಕ್ಕಿಂತ ಇದಕ್ಕೆ ದುಡ್ಡು ಜಾಸ್ತಿ. ಆದರೆ ಅಷ್ಟೇ ತೂಕಕ್ಕೆ ಗಾತ್ರ ಚಿಕ್ಕದು, ಎಲೆಗಳ ನಡುವೆ ಸಲೀಸಾಗಿ ನುಸುಳುತ್ತದೆ. ಗುಂಡಿನ ಮೇಲೆ ಒಂದು ರಬ್ಬರ್ ಸ್ಟಾಪರ್ ಹಾಕಲೇಬೇಕು. ಇಲ್ಲದಿದ್ದರೆ ಗುಂಡು ಕೆಳಗೆ ಹೋಗಿ ಎರೆ ಎಲೆಯ ಮೇಲೇ ಉಳಿಯುತ್ತದೆ. ಕೊಕ್ಕೆ 4/0 ಅಳತೆಯದು, ನೇರ ಕಾಲಿನದು. ಗಂಟು ಸ್ನೆಲ್. ದಾರವನ್ನು ಕೊಕ್ಕೆಯ ಕಣ್ಣಿನ (ತೂತಿನ) ಮುಂದಿನಿಂದ ತೂರಿಸಿ ಕಾಲಿಗೆ ಸುತ್ತಿ ಬಿಗಿದರೆ, ಎಳೆದಾಗ ಗುಂಡು ಕಣ್ಣಿಗೆ ತಾಗಿ ಕೊಕ್ಕೆಯ ಮೊನೆ ಹೊರಕ್ಕೆ ತಿರುಗುತ್ತದೆ. ಮೀನಿನ ಮೇಲ್ದವಡೆಗೆ ನೆಟ್ಟಗೆ ಕಚ್ಚುವುದು ಇದರಿಂದಲೇ. ಈ ಗಂಟು ಕಲಿಯಲು ಒಂದು ಸಂಜೆ ಕೊಡಿ ಅಂತ ನನ್ನ ಜೊತೆ ಬರುವವರಿಗೆಲ್ಲ ಹೇಳುತ್ತೇನೆ.

ಎರೆಯನ್ನು ದೂರ ಎಸೆಯುವುದಿಲ್ಲ. ಹತ್ತಿರದಿಂದಲೇ ಮೇಲಕ್ಕೆ ತೂಗಿ ಬಿಟ್ಟು, ನೇರ ಕೆಳಗೆ ಬೀಳುವಂತೆ ಮಾಡುತ್ತೇನೆ. ಅದು ಚಪ್ಪರ ಸೀಳಿ ಒಳಗೆ ಹೋದ ತಕ್ಷಣ ದಾರ ಬಿಡುತ್ತೇನೆ. ತಳ ಮುಟ್ಟಿದ ಮೇಲೆ ಎರಡು ಸಲ ಅಲುಗಿಸಿ, ನಿಧಾನಕ್ಕೆ ಬೇರುಗಳ ಕೆಳಗಿನವರೆಗೆ ಎತ್ತಿ, ಅಲ್ಲಿ ತಡೆಯುತ್ತೇನೆ. ಕಚ್ಚುವುದು ಹೆಚ್ಚಾಗಿ ಬೀಳುವಾಗ, ಇಲ್ಲವೇ ಬೇರಿನ ಹತ್ತಿರ ತೂಗಾಡುವಾಗ. ಕೈಗೆ ದೊಡ್ಡ ಜಗ್ಗಾಟ ಏನೂ ಬರುವುದಿಲ್ಲ. ಬ್ಯಾಸ್ ಬಾಯಿ ತೆರೆದು ನೀರಿನ ಸಮೇತ ಎರೆಯನ್ನು ಹೀರಿಕೊಳ್ಳುತ್ತದೆ. ನಮಗೆ ಗೊತ್ತಾಗುವುದು ಒಂದು ಸಣ್ಣ 'ಟಕ್', ಇಲ್ಲವೇ ದಾರ ಪಕ್ಕಕ್ಕೆ ಸರಿಯುವುದು, ಇಲ್ಲವೇ ಗುಂಡಿನ ಭಾರವೇ ಮಾಯವಾಗುವುದು. ಅದಕ್ಕೇ ಕಣ್ಣು ಸದಾ ದಾರದ ಮೇಲಿರಬೇಕು.

ಹೊತ್ತು ಆರಿಸುವುದು ಸಾಮಾನಿಗಿಂತ ದೊಡ್ಡ ವಿಷಯ. ನೀರು ಏರಿದಾಗ ಮೀನು ಜೊಂಡಿನ ಒಳಗೆ ಹೊಕ್ಕು ಹಂಚಿಹೋಗುತ್ತದೆ. ಇಳಿತ ಶುರುವಾದಾಗ ಒಳಗಿನ ಸಣ್ಣ ಮೀನು, ಕ್ರಾಫಿಶ್ ಎಲ್ಲ ಅಂಚಿಗೆ ಬರುತ್ತವೆ. ದೊಡ್ಡದು ಅಂಚಿನಲ್ಲೇ ಕಾಯುತ್ತದೆ. ಇಳಿತದ ಕೊನೆಯ ಎರಡು ಗಂಟೆ ನನ್ನ ಹೊತ್ತು. ಉಬ್ಬರ ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಆದ್ದರಿಂದ "ಶನಿವಾರ ಬೆಳಿಗ್ಗೆ ಆರಕ್ಕೆ" ಅಂತ ಕಣ್ಣು ಮುಚ್ಚಿ ಹೊರಡುವುದರಲ್ಲಿ ಅರ್ಥ ಇಲ್ಲ. ಕೊಲ್ಲಿಯ ಬಾಯಿಯಲ್ಲಿರುವ ಗೋಲ್ಡನ್ ಗೇಟ್‌ನ ಉಬ್ಬರ ಇಳಿತದ ಪಟ್ಟಿ ನೋಡಿದರೂ ಆಗಲ್ಲ. ಅಲ್ಲಿನ ಇಳಿತ ಒಳನಾಡಿಗೆ ತಲುಪಲು ಗಂಟೆಗಳೇ ಬೇಕು. ನಾವು ಇಳಿಯುವ ಜಾಗಕ್ಕೆ ಹತ್ತಿರದ ಅಳತೆ ಕೇಂದ್ರದ ಪಟ್ಟಿ ನೋಡಬೇಕು. ಬೇಸಿಗೆ ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಬೀಸುವ ಗಾಳಿ ನನ್ನ ಕಯಾಕಿಗೆ, ಅಂದರೆ ಹುಟ್ಟು ಹಾಕುವ ಸಣ್ಣ ದೋಣಿಗೆ, ಅಪಾಯ. ಇಳಿತ ಎಷ್ಟೇ ಚೆನ್ನಾಗಿದ್ದರೂ ಆ ಹೊತ್ತಿಗೆ ನಾನು ದಡ ಸೇರಿರುತ್ತೇನೆ. ಲೈಫ್ ಜಾಕೆಟ್ ತೆಗೆಯುವ ಮಾತೇ ಇಲ್ಲ.

ನನ್ನ ಅತಿ ದೊಡ್ಡ ಮೀನು ಸಿಕ್ಕಿದ್ದು ಅಕ್ಟೋಬರ್ ಕೊನೆಯಲ್ಲಿ. ಕಟ್ಟೆಯ ತಿರುವಿನಲ್ಲಿ ಗಾಳಿಗೆ ಅಂತರಗಂಗೆ ಒತ್ತಾಗಿ ಕೂಡಿತ್ತು, ಅದರ ಪಕ್ಕದಲ್ಲೇ ಆಳದ ಕಾಲುವೆ. ಇಂಥ ಜೋಡಿ ಎಲ್ಲಿ ಕಂಡರೂ ನಾನು ಬಿಡುವುದಿಲ್ಲ. ಅದೇ ತುಂಡಿನಲ್ಲಿ ಒಂದೊಂದು ಅಡಿ ಸರಿಸಿ ಸರಿಸಿ ಎರೆ ಬಿಡುತ್ತಿದ್ದೆ. ಒಮ್ಮೆ ತಳ ಮುಟ್ಟುವ ಮುಂಚೆಯೇ ದಾರ ನಿಂತಿತು, ಆಮೇಲೆ ಮೆಲ್ಲಗೆ ಎಡಕ್ಕೆ ಹೊರಟಿತು. ರಾಡನ್ನು ಎರಡೂ ಕೈಯಲ್ಲಿ ಮೇಲಕ್ಕೆ ಎತ್ತಿದೆ. ಮೀನು ಬರಲಿಲ್ಲ, ಕಯಾಕೇ ಮುಂದಕ್ಕೆ ಹೋಯಿತು. ಕಯಾಕಿನಲ್ಲಿ ಇದು ಸಹಜ, ಇದನ್ನೇ ಉಪಯೋಗಕ್ಕೆ ತಂದುಕೊಳ್ಳಬೇಕು. ದಾರ ಸಡಿಲ ಬಿಡದೆ ಸುತ್ತುತ್ತಾ ನಾನೇ ಮೀನಿನ ಹತ್ತಿರ ಹೋದೆ. ಒಂದು ಕೈಯಲ್ಲಿ ರಾಡು ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಗಿಡ ಬಗೆದೆ. ಬೇರಿನ ರಾಶಿಯೊಳಗಿಂದ ಆ ಬಾಯಿ ಕಂಡಾಗ ನನ್ನ ಮೊಣಕಾಲು ನಡುಗುತ್ತಿತ್ತು. ತಕ್ಕಡಿ 11 ಪೌಂಡ್ 2 ಔನ್ಸ್ ತೋರಿಸಿತು, ಐದು ಕಿಲೋ. ಆ ದಿನ ಅದಕ್ಕೂ ಮುಂಚೆ ಒಂದೂ ಕಚ್ಚಿರಲಿಲ್ಲ, ಅದಾದ ಮೇಲೂ ಕಚ್ಚಲಿಲ್ಲ. ಅಷ್ಟು ಖುಷಿಯ ದಿನ ಈ ನೀರಿನಲ್ಲಿ ನನಗೆ ಬೇರೆ ಸಿಕ್ಕಿಲ್ಲ.

ಜೊಂಡಿನ ನಡುವಿನ ತೆರಪುಗಳಲ್ಲಿ ರಬ್ಬರ್ ಕಪ್ಪೆ ಬಳಸುತ್ತೇನೆ. ಊರಲ್ಲಿ ಕೊರವ ಮೀನಿಗೆ ಕಪ್ಪೆ ಸಿಕ್ಕಿಸಿ ಗಾಳ ಹಾಕುವುದನ್ನು ನೋಡಿ ಬೆಳೆದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ. ನೀರು ಸಿಡಿದ ತಕ್ಷಣ ಎಳೆಯಬಾರದು, ಭಾರ ಕೈಗೆ ಬರುವ ತನಕ ತಾಳಬೇಕು, ಅಷ್ಟೇ.

ವಸಂತದಲ್ಲಿ ಆಟ ಬೇರೆ. ನೀರು 55 ಡಿಗ್ರಿ ಫ್ಯಾರನ್‌ಹೀಟ್ ದಾಟಿದಾಗ ಮೊಟ್ಟೆ ತುಂಬಿದ ಹೆಣ್ಣುಗಳು ಆಳದಿಂದ ದಡದ ಕಡೆ ಬರುತ್ತವೆ. ದೊಡ್ಡ ಬ್ಯಾಸ್ ಎಲ್ಲವೂ ಹೆಣ್ಣೇ. ಆಗ ಬ್ಲೂಗಿಲ್ ಆಕಾರದ ದೊಡ್ಡ ಸ್ವಿಮ್‌ಬೇಟ್ (ಮೀನಿನಂತೆ ಈಜುವ ಎರೆ) ಅನ್ನು 20 ಪೌಂಡ್ ಫ್ಲೋರೊಕಾರ್ಬನ್ ದಾರದಲ್ಲಿ, ಆದಷ್ಟು ನಿಧಾನಕ್ಕೆ ಸುತ್ತುತ್ತೇನೆ. 60ರಿಂದ 65 ಡಿಗ್ರಿ ಬಂದು ಅವು ಗೂಡಿನ ಮೇಲೆ ಕೂತ ಮೇಲೆ ನಾನು ಅಲ್ಲಿ ಗಾಳ ಹಾಕುವುದಿಲ್ಲ. ಗೂಡು ಕಾಯುವ ಗಂಡನ್ನು ಎತ್ತಿದರೆ ಬ್ಲೂಗಿಲ್‌ಗಳು ನಿಮಿಷಗಳಲ್ಲಿ ಮೊಟ್ಟೆ ಖಾಲಿ ಮಾಡುತ್ತವೆ. ಕಾನೂನು ತಡೆಯುವುದಿಲ್ಲ, ನನ್ನ ಮನಸ್ಸು ಒಪ್ಪುವುದಿಲ್ಲ.

"ಅಷ್ಟು ದೊಡ್ಡ ಮೀನು ಹಿಡಿದು ಬಿಟ್ಟುಬಿಡ್ತೀಯಾ?" ಅಂತ ಊರಿಂದ ಅಣ್ಣ ಫೋನಿನಲ್ಲಿ ಕೇಳುತ್ತಾನೆ. ಇಲ್ಲಿ 12 ಇಂಚು ಮೀರಿದ ಐದು ಬ್ಯಾಸ್ ಇಟ್ಟುಕೊಳ್ಳಲು ಅನುಮತಿ ಇದೆ. 16 ವರ್ಷ ತುಂಬಿದವರಿಗೆ ಲೈಸೆನ್ಸ್ ಬೇಕು. ಆದರೆ ಚಿನ್ನದ ಗಣಿಗಾರಿಕೆಯ ಕಾಲದ ಪಾದರಸ ಈ ನದಿಗಳ ಕೆಸರಿನಲ್ಲಿ ಇನ್ನೂ ಇದೆ. ಬೇರೆ ಮೀನು ತಿಂದು ಬದುಕುವ ಹಳೆಯ ಬ್ಯಾಸ್‌ನ ಮೈಯಲ್ಲಿ ಅದು ಹೆಚ್ಚು ಕೂಡಿರುತ್ತದೆ. ಮಕ್ಕಳು, ಗರ್ಭಿಣಿಯರು ಇದನ್ನು ತಿನ್ನುವ ಬಗ್ಗೆ ರಾಜ್ಯವೇ ಎಚ್ಚರಿಕೆ ಕೊಟ್ಟಿದೆ. ಅದಕ್ಕಿಂತ ಹೆಚ್ಚಾಗಿ, ಹತ್ತು ಪೌಂಡ್ ಆಗಲು ಒಂದು ಬ್ಯಾಸ್‌ಗೆ ಹೆಚ್ಚುಕಡಿಮೆ ಹತ್ತು ವರ್ಷ ಬೇಕು. ಅಂಥದ್ದನ್ನು ಒಂದು ಹೊತ್ತಿನ ಮೀನು ಸಾರಿಗಾಗಿ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಬಿಡುವಾಗಲೂ ಕ್ರಮ ಇದೆ. ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ, ಮೈಮೇಲಿನ ಲೋಳೆ ಹೋದರೆ ಮೀನಿಗೆ ಸೋಂಕು ತಗಲುತ್ತದೆ. ದೊಡ್ಡ ಮೀನನ್ನು ಬರೀ ದವಡೆಯಲ್ಲಿ ನೇತುಹಾಕುವುದಿಲ್ಲ, ಇನ್ನೊಂದು ಕೈ ಹೊಟ್ಟೆಯ ಕೆಳಗೆ. ಕ್ಯಾಮೆರಾ ಸಿದ್ಧ ಆಗುವ ತನಕ ಅದು ಬಲೆಯೊಳಗೆ ನೀರಲ್ಲೇ ಇರುತ್ತದೆ. ಫೋಟೊ ಒಂದು, ಹೆಚ್ಚೆಂದರೆ ಎರಡು.

ದಡಕ್ಕೆ ಬಂದ ಮೇಲೂ ಕೆಲಸ ಮುಗಿದಿರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಡೆಲ್ಟಾದಲ್ಲಿ ಗೋಲ್ಡನ್ ಮಸೆಲ್ ಎಂಬ ಸಣ್ಣ ಚಿಪ್ಪಿನ ಜೀವಿ ಸಿಕ್ಕಿತು. ಉತ್ತರ ಅಮೆರಿಕದಲ್ಲಿ ಅದು ಕಾಣಿಸಿಕೊಂಡದ್ದು ಅದೇ ಮೊದಲು. ದೋಣಿಗೆ ಅಂಟಿಕೊಂಡು ಬೇರೆ ಕೆರೆಗೆ ಹೋದರೆ ಅಲ್ಲೂ ಹಬ್ಬುತ್ತದೆ. ಹಾಗಾಗಿ ಕಯಾಕಿನ ನೀರನ್ನು ಪೂರ್ತಿ ಬಸಿದು, ಅಂಟಿದ ಗಿಡದ ಚೂರು ಕಿತ್ತು, ಒರೆಸಿ ಒಣಗಿಸಿಯೇ ಇನ್ನೊಂದು ನೀರಿಗೆ ಇಳಿಸುತ್ತೇನೆ. ನೀವೂ ಹಾಗೇ ಮಾಡಿ. ಎಷ್ಟೋ ಜಲಾಶಯಗಳಲ್ಲಿ ಈಗ ಇದನ್ನು ಪರೀಕ್ಷೆ ಮಾಡಿಯೇ ಒಳಗೆ ಬಿಡುತ್ತಾರೆ.