ಸರೋವರ ಕಾಣುವ ಗಳಿಗೆಯಿಂದ ಹಿಂದಕ್ಕೆ ಎಣಿಸಿ: ಅರ್ಧ ದಿನದ ಬೆಟ್ಟದ ಚಾರಣಕ್ಕೆ ಸಿದ್ಧರಾಗುವುದು ಹೇಗೆ?

ಬೆಳಿಗ್ಗೆ ಬೆಟ್ಟ ಹತ್ತಿ, ಸರೋವರವನ್ನು ಕಣ್ತುಂಬ ನೋಡಿ, ಮಧ್ಯಾಹ್ನದೊಳಗೆ ಇಳಿದು ಬರುವ ಚಾರಣಕ್ಕೆ ಭಾರಿ ತಯಾರಿ ಬೇಕಿಲ್ಲ. ಆದರೆ ಹೆಚ್ಚಿನವರು ಲೆಕ್ಕವನ್ನು ಮನೆ ಬಿಡುವ ಹೊತ್ತಿನಿಂದ ಶುರುಮಾಡುತ್ತಾರೆ. ‘ಏಳಕ್ಕೆ ಹೊರಡೋಣ, ತಲುಪಿದಾಗ ತಲುಪೋಣ’ ಎನ್ನುತ್ತಾರೆ. ನನ್ನ ಮಾತು ಕೇಳುವುದಾದರೆ, ಲೆಕ್ಕ ನೀರಿನಿಂದ ಶುರುವಾಗಲಿ. ಸರೋವರವನ್ನು ಎಲ್ಲಿ ನಿಂತು, ಎಷ್ಟು ಗಂಟೆಗೆ ನೋಡಬೇಕು ಎಂದು ಮೊದಲು ಗೊತ್ತುಮಾಡಿಕೊಳ್ಳಿ. ಉಳಿದದ್ದನ್ನೆಲ್ಲ ಅಲ್ಲಿಂದ ಹಿಂದಕ್ಕೆ ಎಣಿಸಿ.

ಮೊದಲು ದಡ, ಆಮೇಲೆ ಎತ್ತರ

ಒಮ್ಮೆ ನಾವು ದಡ ಮುಟ್ಟಿದಾಗ ಹನ್ನೊಂದು ಗಂಟೆ. ಗಾಳಿ ಎದ್ದು ನೀರಿನ ಮೈಯೆಲ್ಲ ಸುಕ್ಕುಗಟ್ಟಿತ್ತು. ಇನ್ನೊಮ್ಮೆ ಅದೇ ಜಾಗಕ್ಕೆ ಏಳೂವರೆಗೆ ಹೋದೆವು. ಎದುರಿನ ಗುಡ್ಡ ನೀರಿನಲ್ಲಿ ತಲೆಕೆಳಗಾಗಿ ನಿಂತಿತ್ತು, ಒಂದೊಂದು ಪೊದೆಯನ್ನೂ ಎಣಿಸಬಹುದಿತ್ತು. ಬಿಸಿಲೇರಿದಂತೆ ಬೆಟ್ಟದ ಮೈ ಕಾಯುತ್ತದೆ, ಅದಕ್ಕೆ ತಾಗಿದ ಗಾಳಿ ಹಗುರಾಗಿ ಮೇಲೇರುತ್ತದೆ, ಅದರ ಜಾಗ ತುಂಬಲು ಕಣಿವೆಯ ಗಾಳಿ ನುಗ್ಗುತ್ತದೆ. ಹಾಗಾಗಿ ನೀರು ಕನ್ನಡಿಯಾಗಿರುವುದು ಸಾಮಾನ್ಯವಾಗಿ ಮುಂಜಾನೆ ಮಾತ್ರ.

ಬಣ್ಣದ ಕಥೆಯೇ ಬೇರೆ. ದಡದಲ್ಲಿ ನಿಂತು ಓರೆಯಾಗಿ ನೋಡಿದರೆ ಕಾಣುವುದು ಹೆಚ್ಚಾಗಿ ಆಕಾಶದ ಬಿಂಬ. ಎತ್ತರದಿಂದ ಕೆಳಗೆ ನೋಡಿದಾಗ ನೋಟ ನೀರಿನೊಳಕ್ಕೆ ಇಳಿಯುತ್ತದೆ, ನಿಜವಾದ ನೀಲಿ–ಹಸಿರು ಆಗ ಕಾಣುತ್ತದೆ. ಇದಕ್ಕೆ ಸೂರ್ಯ ಸ್ವಲ್ಪ ಮೇಲೇರಿರಬೇಕು, ನಿಮ್ಮ ಬೆನ್ನ ಹಿಂದಿರಬೇಕು. ಕೆನಡಾದ ಲೂಯಿಸ್ ಸರೋವರದಂಥ ಕಡೆ ಹಿಮನದಿ ಬಂಡೆಯನ್ನು ಉಜ್ಜಿ ಮಾಡಿದ ಹಿಟ್ಟಿನಂಥ ಪುಡಿ ನೀರಿನಲ್ಲಿ ತೇಲುತ್ತಾ ಬೆಳಕನ್ನು ಚದುರಿಸುತ್ತದೆ. ಅಲ್ಲಿನ ಹಸಿರು ಬೆರೆತ ನೀಲಿ ಬಣ್ಣಕ್ಕೆ ಅದೇ ಕಾರಣ. ಆದ್ದರಿಂದ ದಾರಿ ಅನುವು ಮಾಡಿಕೊಟ್ಟರೆ ಬೆಳಗಿನ ಬಿಂಬಕ್ಕೆ ಮೊದಲು ದಡ, ಬಿಸಿಲು ಬಂದ ಮೇಲೆ ಬಣ್ಣಕ್ಕೆ ಬೆಟ್ಟದ ಹೆಗಲು ಎಂದು ಇಟ್ಟುಕೊಳ್ಳಿ.

ನಕ್ಷೆಯಲ್ಲೇ ನೋಟ ಹುಡುಕಿ

ಸಮೋನ್ನತಿ ರೇಖೆಗಳಿರುವ, ಅಂದರೆ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳಿರುವ ನಕ್ಷೆ ತೆರೆಯಿರಿ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಏರು, ಬಿಡಿಬಿಡಿಯಾಗಿದ್ದರೆ ಸಲೀಸು. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿರಬೇಕಾದ ಇನ್ನೊಂದು ಸಂಗತಿಯಿದೆ. ನೀವು ನಿಲ್ಲುವ ಜಾಗದಿಂದ ನೀರಿನವರೆಗೆ ಗೆರೆಗಳನ್ನು ಬೆರಳಿನಿಂದ ಹಿಂಬಾಲಿಸಿ. ಮೇಲೆ ಒತ್ತಾಗಿದ್ದು ಕೆಳಗೆ ಸಡಿಲವಾದರೆ ಇಳಿಜಾರು ಒಳಬಾಗಿದೆ ಎಂದರ್ಥ, ಸರೋವರ ಕಾಣುತ್ತದೆ. ಮೇಲೆ ಸಡಿಲವಾಗಿದ್ದು ಕೆಳಗೆ ಒತ್ತಾದರೆ ಇಳಿಜಾರಿನ ಹೊಟ್ಟೆ ಉಬ್ಬಿದೆ, ಅದೇ ನೀರನ್ನು ಮರೆಮಾಡಬಹುದು. ನಡುವೆ ದಟ್ಟ ಮರಗಳಿದ್ದರಂತೂ ಎರಡು ಗಂಟೆ ನಡೆದು ಎಲೆಗಳನ್ನಷ್ಟೇ ನೋಡಿ ಬರಬೇಕಾದೀತು.

ದಾರಿಯ ಉದ್ದ ಹೋಗುವುದಕ್ಕೆ ಮಾತ್ರವೋ, ಹೋಗಿಬರುವುದಕ್ಕೋ ಎಂದು ಎರಡೆರಡು ಸಲ ನೋಡಿ. ಮೊದಲ ಸಲಕ್ಕೆ ಸುತ್ತುದಾರಿಗಿಂತ ಹೋದ ದಾರಿಯಲ್ಲೇ ಮರಳುವುದು ಒಳ್ಳೆಯದು, ಸಾಕೆನಿಸಿದ ಕಡೆಯಿಂದ ತಿರುಗಬಹುದು.

ಈಗ ಗಡಿಯಾರ

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಗಟ್ಟಿ ಕಾಲಿನವರ ಲೆಕ್ಕ. ಮಕ್ಕಳು, ಹಿರಿಯರು, ಫೋಟೊ ತೆಗೆಯುವವರು ಜೊತೆಗಿದ್ದರೆ ಬಂದ ಉತ್ತರಕ್ಕೆ ಅದರ ಅರ್ಧದಷ್ಟನ್ನು ಸೇರಿಸಿ.

ಹೋಗಲು 4, ಬರಲು 4 ಕಿಲೋಮೀಟರ್, ಏರು 300 ಮೀಟರ್ ಎಂದುಕೊಳ್ಳೋಣ. ಹತ್ತಲು ಸೂತ್ರದಂತೆ 48 ಮತ್ತು 30, ಒಟ್ಟು 78 ನಿಮಿಷ. ಅರ್ಧ ಸೇರಿಸಿದರೆ ಹೆಚ್ಚುಕಡಿಮೆ ಎರಡು ಗಂಟೆ. ಇಳಿಯುವಾಗ ಏರಿನ ಲೆಕ್ಕವಿಲ್ಲ, 48 ನಿಮಿಷಕ್ಕೆ ಅರ್ಧ ಸೇರಿಸಿದರೆ ಸುಮಾರು ಒಂದೂಕಾಲು ಗಂಟೆ. ಎಂಟೂವರೆಗೆ ನೀರಿನ ಬಳಿ ಇರಬೇಕೆಂದರೆ ಆರೂವರೆಗೆ ಹೆಜ್ಜೆ ಹಾಕಬೇಕು. ಮುಕ್ಕಾಲು ಗಂಟೆ ಕೂತು ಒಂಬತ್ತೂಕಾಲಿಗೆ ಎದ್ದರೆ ಹತ್ತೂವರೆಗೆ ಬುಡದಲ್ಲಿರುತ್ತೀರಿ. ಇದರ ಜೊತೆಗೆ ‘ಎಲ್ಲೇ ಇರಲಿ, ಇಷ್ಟು ಗಂಟೆಗೆ ತಿರುಗುತ್ತೇವೆ’ ಎಂಬ ಸಮಯವನ್ನೂ ಮನೆಯಲ್ಲೇ ತೀರ್ಮಾನಿಸಿ. ಬೆಟ್ಟದ ಮೇಲೆ, ಇನ್ನೊಂದೇ ತಿರುವು ಎಂದು ಮನಸ್ಸು ಎಳೆಯುವಾಗ ಆ ತೀರ್ಮಾನ ಮಾಡಲಾಗುವುದಿಲ್ಲ. ಆ ಗಂಟೆಯನ್ನು, ಹೋಗುವ ದಾರಿಯನ್ನು ಮನೆಯಲ್ಲಿ ಉಳಿಯುವ ಒಬ್ಬರಿಗೆ ಹೇಳಿಹೋಗಿ.

ಚೀಲ

ತಲೆಗೆ ಒಂದೂವರೆಯಿಂದ ಎರಡು ಲೀಟರ್ ನೀರು, ಸ್ವಲ್ಪ ತಿಂಡಿ, ಟೋಪಿ, ಮಳೆಯಂಗಿ, ಸಣ್ಣ ಟಾರ್ಚ್, ಬ್ಯಾಂಡೇಜು. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಸಿಗ್ನಲ್ ನಂಬಬೇಡಿ. 1000 ಮೀಟರ್ ಏರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ, ಮೇಲೆ ಗಾಳಿಯೂ ಇರುತ್ತದೆ. ಹತ್ತಿ ಬಟ್ಟೆ ಬೆವರು ಹೀರಿಕೊಂಡು ಬೇಗ ಒಣಗದು, ಕೂತ ಹತ್ತೇ ನಿಮಿಷಕ್ಕೆ ಬೆನ್ನು ತಣ್ಣಗಾಗಿ ನಡುಕ ಹುಟ್ಟಿಸುತ್ತದೆ. ಬೇಗ ಒಣಗುವ ಅಂಗಿ ತೊಡಿ, ಮೇಲೆ ಹೊದೆಯಲು ಒಂದು ಜಾಕೆಟ್ ಇರಲಿ. ಒಂದು ಸೀಟಿ ಕೂಡ ಬೇಕು. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವುದು ಪರ್ವತಗಳಲ್ಲಿ ಸಹಾಯ ಕೇಳುವ ಸಂಕೇತ.

ಮೋಡ, ನೀರು

ಹಿಂದಿನ ರಾತ್ರಿ ಮತ್ತು ಹೊರಡುವ ಮುನ್ನ ಹವಾಮಾನ ನೋಡಿ. ದಾರಿಯಲ್ಲಿ ಮಿಂಚು ಕಂಡರೆ ಗುಡುಗು ಕೇಳುವವರೆಗೆ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು ಮೂರು ಸೆಕೆಂಡು ಬೇಕು. ಮೂವತ್ತರೊಳಗೆ ಗುಡುಗಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ, ಬೋಳು ದಿಣ್ಣೆಯಾಗಲಿ ನೀರಿನ ಅಂಚಾಗಲಿ ನಿಲ್ಲುವ ಜಾಗವಲ್ಲ. ಕೂಡಲೇ ಇಳಿಯಿರಿ. ಬೆವರಿದ ಮೈಯಲ್ಲಿ ಸರೋವರಕ್ಕೆ ಧುಮುಕುವ ಆಸೆಯನ್ನೂ ತಡೆದುಕೊಳ್ಳಿ. ಬೇಸಿಗೆಯಲ್ಲೂ ಬೆಟ್ಟದ ನೀರು ಕೊರೆಯಬಹುದು, ತಣ್ಣೀರು ಮೈಗೆ ಬಡಿದೊಡನೆ ಬಾಯಿ ತಾನಾಗಿ ತೆರೆದು ಉಸಿರೆಳೆಯುತ್ತದೆ, ಈಜು ಬಲ್ಲವರೂ ನೀರು ಕುಡಿಯುವುದು ಹೀಗೇ. ಕೈಕಾಲು ತೊಳೆಯುವುದಿದ್ದರೆ ಸೋಪು ಬೇಡ. ಬಹಿರ್ದೆಸೆಗೆ ನೀರಿನಿಂದ ಕನಿಷ್ಠ 60 ಮೀಟರ್ ದೂರ ಹೋಗಿ.

ಇಳಿಯುವ ಮುನ್ನ

ಏಳುವ ಮೊದಲು ಒಂದು ನಿಮಿಷ ಶೂ ನೋಡಿಕೊಳ್ಳಿ. ಲೇಸು ಬಿಚ್ಚಿ, ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಪಾದದ ಬೆನ್ನಿನಿಂದ ಕಣಕಾಲಿನವರೆಗೆ ಬಿಗಿಯಾಗಿ ಕಟ್ಟಿ. ಹಾಗೆ ಮಾಡದಿದ್ದರೆ ಪ್ರತಿ ಹೆಜ್ಜೆಗೂ ಪಾದ ಮುಂದಕ್ಕೆ ಜಾರಿ ಹೆಬ್ಬೆರಳು ಶೂ ತುದಿಗೆ ಬಡಿಯುತ್ತದೆ, ಮರುದಿನ ಉಗುರು ಕಪ್ಪಾಗಿರುತ್ತದೆ. ಸಣ್ಣ ಹೆಜ್ಜೆಯಿಡಿ, ಮಂಡಿ ಸ್ವಲ್ಪ ಬಾಗಿರಲಿ. ಬುಡ ತಲುಪಿದೊಡನೆ, ಶೂ ಕಳಚುವುದಕ್ಕೂ ಮೊದಲು, ದಾರಿ ಹೇಳಿಹೋಗಿದ್ದವರಿಗೆ ಒಂದು ಕರೆ ಮಾಡಿ. ಅವರು ಗಡಿಯಾರ ನೋಡುತ್ತಾ ಕೂತಿರುತ್ತಾರೆ.