ಬಣ್ಣ ಬರದಿದ್ದರೂ ಅದು ಉತ್ತರವೇ

ತೊಡೆಯ ಆಳದಲ್ಲಿ ಬೆಳೆದ ಗಡ್ಡೆ. ಸೂಜಿ ಬಯಾಪ್ಸಿಯ ಸ್ಲೈಡ್‌ನಲ್ಲಿ ಉದ್ದುದ್ದನೆಯ ಜೀವಕೋಶಗಳು ಒತ್ತೊತ್ತಾಗಿ ಕೂತಿವೆ, ಅಷ್ಟೇ. ಮೆತ್ತನೆ ಅಂಗಾಂಶದ ಕ್ಯಾನ್ಸರ್ ಸೈನೋವಿಯಲ್ ಸಾರ್ಕೋಮಾ ಇರಬಹುದು. ನರದ ಹೊದಿಕೆಯ ಕ್ಯಾನ್ಸರ್ ಎಂಪಿಎನ್‌ಎಸ್‌ಟಿ ಇರಬಹುದು. ನಾರಿನಂಥ ಅಂಗಾಂಶದ ಗಡ್ಡೆ ಸಾಲಿಟರಿ ಫೈಬ್ರಸ್ ಟ್ಯೂಮರ್ ಕೂಡ ಎಷ್ಟೋ ಸಲ ಹೀಗೇ ಕಾಣುತ್ತದೆ. ಆದರೆ ರೋಗಿಯ ಮುಂದಿನ ದಾರಿ ಮೂರರಲ್ಲೂ ಬೇರೆ ಬೇರೆ.

"ಮೇಡಂ, ಯಾವ್ಯಾವ ಮಾರ್ಕರ್ ಹಾಕ್ಲಿ?" ಅಂತ ನಮ್ಮ ಟೆಕ್ನಿಷಿಯನ್ ಕೇಳುತ್ತಾರೆ. ಮಾರ್ಕರ್ ಅಂದರೆ ಜೀವಕೋಶದಲ್ಲಿ ನಾವು ಹುಡುಕುವ ಒಂದು ಪ್ರೋಟೀನ್. ಅದನ್ನೇ ಹಿಡಿಯುವ ಆಂಟಿಬಾಡಿ ಹಾಕಿದರೆ, ಅದು ಇರುವ ಕಡೆ ಕಂದು ಬಣ್ಣ ಬರುತ್ತದೆ. ಇದೇ ಇಮ್ಯುನೋಹಿಸ್ಟೋಕೆಮಿಸ್ಟ್ರಿ. ಒಂದೇ ಸಲಕ್ಕೆ ಉದ್ದ ಪಟ್ಟಿ ಕೊಡುವುದು ನನಗೆ ಹಿಡಿಸುವುದಿಲ್ಲ. ತುಣುಕು ಸಣ್ಣದು. ಅದನ್ನು ಮೇಣದಲ್ಲಿ ಕೂರಿಸಿದ ಬ್ಲಾಕ್ ಕತ್ತರಿಸುತ್ತಾ ಹೋದರೆ ಜೀನ್ ಪರೀಕ್ಷೆಗೆ ಏನೂ ಉಳಿಯಲ್ಲ. ದುಡ್ಡು ಕಟ್ಟುವವರೂ ಹೆಚ್ಚಾಗಿ ರೋಗಿಯ ಮನೆಯವರೇ. ಹಾಗಾಗಿ ಮೊದಲು ಕೆರಾಟಿನ್, ಇಎಂಎ, ಎಸ್100, ಸಿಡಿ34, ಡೆಸ್ಮಿನ್. ಅದು ತೋರಿಸಿದ ದಿಕ್ಕು ನೋಡಿಕೊಂಡು ಉಳಿದದ್ದು.

ಸ್ಲೈಡ್ ಕೈಗೆ ಬಂದಾಗ ನಾನು ಮೊದಲು ಗಡ್ಡೆಯನ್ನು ನೋಡುವುದೇ ಇಲ್ಲ. ಸಿಡಿ34ರಲ್ಲಿ ರಕ್ತನಾಳದ ಒಳಪದರ ಕಂದಾಗಿದೆಯಾ? ಡೆಸ್ಮಿನ್‌ನಲ್ಲಿ ಪಕ್ಕದ ಮಾಂಸಖಂಡ? ಬಣ್ಣ ಬರಲೇಬೇಕಾದ ಇವೇ ನಮ್ಮ ಕಂಟ್ರೋಲ್. ಅಲ್ಲೇ ಆಗಿಲ್ಲ ಅಂದರೆ ಆ ಸ್ಲೈಡ್‌ನ ನೆಗೆಟಿವ್‌ಗೆ ಬೆಲೆಯೇ ಇಲ್ಲ. ತುಣುಕು ಕೆಡದಂತೆ ಅದ್ದಿಡುವ ಫಾರ್ಮಲಿನ್‌ನಲ್ಲಿ ಪ್ರೋಟೀನ್‌ಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಬಿಸಿ ಬಫರ್‌ನಲ್ಲಿ ಆ ಬೆಸುಗೆ ಸರಿಯಾಗಿ ಬಿಚ್ಚದಿದ್ದರೆ ಆಂಟಿಬಾಡಿಗೆ ಹಿಡಿಯಲು ಜಾಗವೇ ಸಿಗುವುದಿಲ್ಲ.

ಇದು ತುಂಬಾ ಮುಖ್ಯವಾಗುವುದು ಎಚ್3ಕೆ27ಎಂಇ3ರಲ್ಲಿ, ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನ್‌ನ ಮೇಲಿನ ಒಂದು ರಾಸಾಯನಿಕ ಗುರುತಿನಲ್ಲಿ. ಇಲ್ಲಿ ಬಣ್ಣ ಹೋಗಿರುವುದೇ ಸುಳಿವು. ಗಡ್ಡೆಯ ನ್ಯೂಕ್ಲಿಯಸ್‌ಗಳೆಲ್ಲ ಬರೀ ನೀಲಿ, ನಡುವೆ ಹಾದುಹೋದ ರಕ್ತನಾಳದ್ದು, ಅಲ್ಲಲ್ಲಿ ಕೂತ ಲಿಂಫೋಸೈಟ್‌ಗಳದ್ದು ಮಾತ್ರ ಗಾಢ ಕಂದು. ಹಾಗೆ ಕಂಡರೆ ಎಂಪಿಎನ್‌ಎಸ್‌ಟಿ ಕಡೆ ವಾಲುತ್ತೇನೆ. ಬಣ್ಣ ಸುಮ್ನೆ ಮಂಕಾಗಿದ್ದರೆ ಅದನ್ನು ಲೆಕ್ಕಕ್ಕೆ ತಗೊಳ್ಳಲ್ಲ. ಬಣ್ಣ ಉಳಿದಿದೆ ಅಂತ ಎಂಪಿಎನ್‌ಎಸ್‌ಟಿ ಅಲ್ಲ ಅನ್ನುವಂತೆಯೂ ಇಲ್ಲ.

ಸ್ಟ್ಯಾಟ್6 ಅನ್ನುವ ಮಾರ್ಕರ್‌ನಲ್ಲಿ ಬಣ್ಣ ಎಲ್ಲಿ ಬಂತು ಅನ್ನುವುದೇ ಪ್ರಶ್ನೆ. ಸಾಲಿಟರಿ ಫೈಬ್ರಸ್ ಟ್ಯೂಮರ್‌ನಲ್ಲಿ ಎನ್‌ಎಬಿ2, ಸ್ಟ್ಯಾಟ್6 ಜೀನ್‌ಗಳು ಕೂಡಿಕೊಂಡಿರುತ್ತವೆ ಅಂತ 2013ರಲ್ಲಿ ಗೊತ್ತಾಯಿತು. ಹಾಗೆ ಹುಟ್ಟಿದ ಪ್ರೋಟೀನ್ ನ್ಯೂಕ್ಲಿಯಸ್‌ನೊಳಗೆ ಸೇರುತ್ತದೆ. ಹೊರಗೆ ಸೈಟೋಪ್ಲಾಸಂನಲ್ಲಿ ತೆಳ್ಳಗೆ ಹರಡಿದ ಬಣ್ಣವನ್ನು ಪಾಸಿಟಿವ್ ಅಂತ ನಾನು ಬರೆಯಲ್ಲ.

ಟಿಎಲ್‌ಇ1 ಮಾರ್ಕರ್ ಒಂದನ್ನೇ ನಂಬಿ ಸೈನೋವಿಯಲ್ ಸಾರ್ಕೋಮಾ ಅನ್ನುವ ಧೈರ್ಯ ನನಗಿಲ್ಲ, ಎಂಪಿಎನ್‌ಎಸ್‌ಟಿಯಲ್ಲೂ ಅದು ಬರುತ್ತದೆ. ಆ ಸಾರ್ಕೋಮಾದಲ್ಲಿ ಎಸ್‌ಎಸ್18 ಮತ್ತು ಎಸ್‌ಎಸ್‌ಎಕ್ಸ್ ಜೀನ್‌ಗಳು ಕೂಡಿದ ಜಾಗವನ್ನೇ ಗುರುತಿಸುವ ಆಂಟಿಬಾಡಿ ಬಂದ ಮೇಲೆ ನಿಜಕ್ಕೂ ನಿರಾಳವಾಯಿತು. ಅದು ಸಿಗದ ಕಡೆ ಹೊಳೆಯುವ ಬಣ್ಣದಿಂದ ಜೀನ್‌ನ ಬದಲಾವಣೆ ಹುಡುಕುವ ಫಿಶ್ ಪರೀಕ್ಷೆ ಮಾಡಿಸಲೇಬೇಕು.

ಈ ತೊಡೆಯ ಗಡ್ಡೆಯಲ್ಲಿ ಇಎಂಎ ಕೆಲವೇ ಕಡೆ ಚುಕ್ಕೆಚುಕ್ಕೆಯಾಗಿ ಬಂದಿತ್ತು. ಸಿಡಿ34 ಇಲ್ಲ, ಸ್ಟ್ಯಾಟ್6 ಇಲ್ಲ. ಎಚ್3ಕೆ27ಎಂಇ3 ಉಳಿದಿತ್ತು. ಕೂಡುಜೀನಿನ ಆಂಟಿಬಾಡಿ ಮಾತ್ರ ಗಡ್ಡೆಯ ನ್ಯೂಕ್ಲಿಯಸ್‌ಗಳಲ್ಲೆಲ್ಲ ಒಂದೇ ಸಮ ಗಾಢ ಕಂದು. ಸೈನೋವಿಯಲ್ ಸಾರ್ಕೋಮಾ ಅಂತ ವರದಿ ಕೊಟ್ಟೆ. ಬಣ್ಣ ಜೀವಕೋಶದ ಯಾವ ಭಾಗದಲ್ಲಿ ಬಂತು, ಕಂಟ್ರೋಲ್ ಹೇಗಿತ್ತು ಅನ್ನುವುದನ್ನೂ ಬರೆದೆ. ಈ ರೋಗಿಗಳು ಎರಡನೇ ಅಭಿಪ್ರಾಯಕ್ಕೆ ಬೇರೆ ಊರಿಗೆ ಹೋಗುವುದೇ ಜಾಸ್ತಿ, ಅಲ್ಲಿ ಓದುವವರಿಗೆ ಬರೀ ಪಾಸಿಟಿವ್, ನೆಗೆಟಿವ್ ಸಾಲುವುದಿಲ್ಲ.